ಖಾಲಿ ಚೌಕದ ಲೆಕ್ಕ

ಇಂಗ್ಲೆಂಡಿನ ನೆಲವನ್ನೆಲ್ಲ ಕಿಲೋಮೀಟರ್ ಉದ್ದ, ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ಎಷ್ಟು ಉದ್ದದ ರಸ್ತೆಯಿದೆ ಎಂಬುದನ್ನು ಎರಡು ನಕ್ಷೆಗಳಲ್ಲಿ ಅಳೆದು ಹೋಲಿಸುವ ಕೆಲಸವನ್ನು 2008ರಲ್ಲಿ ಮುಕಿ ಹಾಕ್ಲೆ ಕೈಗೆತ್ತಿಕೊಂಡರು. ಅವರು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಭೂಮಾಹಿತಿ ವಿಜ್ಞಾನಿ. ಮೊದಲ ನಕ್ಷೆ ಬ್ರಿಟನ್ ಸರ್ಕಾರದ ಆರ್ಡ್‌ನೆನ್ಸ್ ಸರ್ವೆಯದು. 1791ರಿಂದ ಆ ದೇಶವನ್ನು ಅಳೆಯುತ್ತಲೇ ಬಂದಿರುವ ಸಂಸ್ಥೆ. ಎರಡನೆಯದು ಓಪನ್‌ಸ್ಟ್ರೀಟ್‌ಮ್ಯಾಪ್. ಅದು ಹುಟ್ಟಿ ನಾಲ್ಕೇ ವರ್ಷವಾಗಿತ್ತು. ರಜೆಯ ದಿನ ಜಿಪಿಎಸ್ ಹಿಡಿದು ಊರು ಸುತ್ತಿ, ರಾತ್ರಿ ಮನೆಯಲ್ಲಿ ಕೂತು ಆ ಜಾಡನ್ನು ಗೆರೆಯಾಗಿ ಎಳೆದು, ರಸ್ತೆಯ ಹೆಸರು ಬರೆದು ಸೇರಿಸುವ ಹವ್ಯಾಸಿಗಳೇ ಅದರ ಸರ್ವೆಯರುಗಳು.

ಹೋಲಿಕೆಯಿಂದ ಎರಡು ಸಂಖ್ಯೆಗಳು ಬಂದವು. ಹವ್ಯಾಸಿಗಳು ಎಳೆದ ರಸ್ತೆ ಆರ್ಡ್‌ನೆನ್ಸ್ ಸರ್ವೆಯ ರಸ್ತೆಯಿಂದ ಸರಾಸರಿ ಸುಮಾರು 6 ಮೀಟರ್ ಮಾತ್ರ ಸರಿದಿತ್ತು. ಅವರು ನಕ್ಷೆಗೆ ತಂದಿದ್ದ ನೆಲ ಇಂಗ್ಲೆಂಡಿನ ಸುಮಾರು ಶೇ 29 ಭಾಗ. ಮೊದಲ ಸಂಖ್ಯೆಯನ್ನು ಕಂಡವರು ಬೆರಗಾದರು. ಎರಡನೆಯದನ್ನು ಕಂಡವರು ಇದನ್ನು ನಂಬಿ ಹೊರಟರೆ ದಾರಿ ತಪ್ಪುತ್ತೇವೆ ಎಂದರು. ಇಬ್ಬರೂ ಒಂದೇ ನಕ್ಷೆಯ ಬಗ್ಗೆ ಮಾತಾಡುತ್ತಿದ್ದರು, ಇಬ್ಬರ ಮಾತೂ ಸರಿಯಿತ್ತು. ಬರೆದದ್ದು ಎಷ್ಟು ಸರಿ ಎಂಬುದು ಒಂದು ಪ್ರಶ್ನೆ. ಬರೆಯಬೇಕಾದದ್ದರಲ್ಲಿ ಎಷ್ಟು ಬರೆದಾಗಿದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದನ್ನು ತಿಳಿಯಲು ನಕ್ಷೆಯ ಮೇಲಿರುವ ಗೆರೆಗಳನ್ನು ಪರೀಕ್ಷಿಸಿದರಾಯಿತು. ಎರಡನೆಯದನ್ನು ತಿಳಿಯಬೇಕಾದರೆ ನಕ್ಷೆಯ ಮೇಲೆ ಇಲ್ಲದ್ದನ್ನು ಎಣಿಸಬೇಕು. ಇಲ್ಲದ್ದನ್ನು ಎಣಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಓಪನ್‌ಸ್ಟ್ರೀಟ್‌ಮ್ಯಾಪನ್ನು ಸ್ಟೀವ್ ಕೋಸ್ಟ್ ಎಂಬ ಬ್ರಿಟಿಷ್ ತರುಣ 2004ರಲ್ಲಿ ಶುರುಮಾಡಿದರು. ಅಲ್ಲಿನ ಸರ್ಕಾರಿ ನಕ್ಷೆಯ ದತ್ತಾಂಶಕ್ಕೆ ದುಬಾರಿ ಶುಲ್ಕವಿತ್ತು, ಬಳಕೆಗೆ ಹತ್ತಾರು ನಿರ್ಬಂಧಗಳಿದ್ದವು. ಎಲ್ಲರೂ ಬಳಸಬಹುದಾದ ನಕ್ಷೆಯನ್ನು ನಾವೇ ಯಾಕೆ ಮಾಡಬಾರದು ಎಂಬುದು ಅವರ ಆಲೋಚನೆ. ಅದು ಸಾಧ್ಯವಾಗಲು ಇನ್ನೊಂದು ಕಾರಣ ಅಮೆರಿಕದಲ್ಲಿತ್ತು. 2000ದ ಮೇ 2ರವರೆಗೆ ಅಲ್ಲಿನ ಸೇನೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ನೂರು ಮೀಟರಿನಷ್ಟು ತಪ್ಪು ಮಾಮೂಲಾಗಿತ್ತು. ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದ ಮೇಲೆ ಅಂಗಡಿಯಲ್ಲಿ ಸಿಗುವ ಪುಟ್ಟ ಜಿಪಿಎಸ್ ಕೂಡ ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ಹೇಳತೊಡಗಿತು. ಅಂದರೆ ಒಬ್ಬ ಹವ್ಯಾಸಿಯ ಗೆರೆ ಎಷ್ಟು ನಿಖರ ಎಂಬುದು ಬಹುಪಾಲು ಆತನ ಕೈಯಲ್ಲಿರುವ ಉಪಕರಣದಿಂದ ತೀರ್ಮಾನವಾಗುತ್ತಿತ್ತು. ಆತ ಯಾವ ಬೀದಿಗೆ ಹೋಗುತ್ತಾನೆ ಎಂಬುದನ್ನು ಯಾವ ಉಪಕರಣವೂ ತೀರ್ಮಾನಿಸುವುದಿಲ್ಲ. ಸರ್ವೆ ಇಲಾಖೆಯಲ್ಲಿ ಹಾಳೆ ಹಂಚುವ ಅಧಿಕಾರಿ ಇರುತ್ತಾನೆ, ಯಾವ ಹಾಳೆ ಮುಗಿಯಿತು, ಯಾವುದು ಬಾಕಿ ಎಂಬ ದಾಖಲೆ ಇರುತ್ತದೆ. ಸ್ವಯಂಸೇವಕ ತನ್ನ ಮನೆಯ ಸುತ್ತ, ತನಗೆ ಇಷ್ಟವಾದ ಬೆಟ್ಟದ ದಾರಿಯಲ್ಲಿ, ಕೆಲಸಕ್ಕೆ ಹೋಗುವ ಹಾದಿಯಲ್ಲಿ ನಕ್ಷೆ ಮಾಡುತ್ತಾನೆ. ಅದು ಅವನ ಹಕ್ಕು ಕೂಡ.

ನಿಖರತೆಯನ್ನು ಅಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾವು ನಂಬುವ ನಕ್ಷೆಯಲ್ಲಿ ಒಂದು ರಸ್ತೆಯ ನಡುಗೆರೆಯನ್ನು ತೆಗೆದುಕೊಳ್ಳಬೇಕು. ಅದರ ಎರಡೂ ಬದಿಗೆ ಇಷ್ಟು ಮೀಟರ್ ಎಂದು ಗೊತ್ತುಮಾಡಿಕೊಂಡು ಒಂದು ಪಟ್ಟಿ ಹರಡಬೇಕು. ಹವ್ಯಾಸಿಯ ಗೆರೆಯನ್ನು ಅದರ ಮೇಲಿಟ್ಟರೆ ಅದರ ಎಷ್ಟು ಭಾಗ ಪಟ್ಟಿಯೊಳಗೆ ಬೀಳುತ್ತದೆ ಎಂಬುದನ್ನು ಶೇಕಡಾವಾರು ಹೇಳಬಹುದು. ಮೈಕೆಲ್ ಗುಡ್‌ಚೈಲ್ಡ್ ಮತ್ತು ಗ್ಯಾರಿ ಹಂಟರ್ 1997ರಲ್ಲಿ ಮುಂದಿಟ್ಟ ಈ ಉಪಾಯ ಸರಳ, ಅಚ್ಚುಕಟ್ಟು. (ಜನರೇ ಸೇರಿಸುವ ಇಂಥ ಮಾಹಿತಿಗೆ 2007ರಲ್ಲಿ 'ಸ್ವಯಂಪ್ರೇರಿತ ಭೌಗೋಳಿಕ ಮಾಹಿತಿ' ಎಂಬ ಅರ್ಥದ ಹೆಸರಿಟ್ಟವರೂ ಇದೇ ಗುಡ್‌ಚೈಲ್ಡ್.) ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹವ್ಯಾಸಿ ಎಳೆಯದೇ ಬಿಟ್ಟ ರಸ್ತೆ ಈ ಪರೀಕ್ಷೆಗೆ ಬರುವುದೇ ಇಲ್ಲ. ಹತ್ತು ರಸ್ತೆಗಳ ಊರಿನಲ್ಲಿ ಒಂದನ್ನೇ ಚೆನ್ನಾಗಿ ಎಳೆದವನಿಗೆ ಪೂರ್ತಿ ಅಂಕ ಸಿಗುತ್ತದೆ. ಹತ್ತನ್ನೂ ಎಳೆದು ಎರಡರಲ್ಲಿ ಕೈತಪ್ಪಿದವನಿಗೆ ಅಂಕ ಕಡಿಮೆ. ಸರಾಸರಿ ನಿಖರತೆಯನ್ನು ಹೆಚ್ಚಿಸಲು ಅತಿ ಸುಲಭದ ದಾರಿ ಎಂದರೆ ಕಷ್ಟದ ಕೇರಿಗಳಿಗೆ ಹೋಗದೇ ಇರುವುದು.

ಭೂಮಾಹಿತಿಯ ಗುಣಮಟ್ಟಕ್ಕೆ ಅಂತರರಾಷ್ಟ್ರೀಯ ಮಾನಕವೊಂದಿದೆ, ಐಎಸ್‌ಒ 19157. ಸ್ಥಾನ ಸರಿಯಿದೆಯೇ, ವಿವರ ಸರಿಯಿದೆಯೇ, ಗೆರೆಗಳು ಒಂದಕ್ಕೊಂದು ಕೂಡುವ ಕಡೆ ಕೂಡಿವೆಯೇ, ಮಾಹಿತಿ ಎಷ್ಟು ಹಳೆಯದು ಎಂಬುವುಗಳ ಜೊತೆ ಪೂರ್ಣತೆಯನ್ನೂ ಅದು ಗುಣಮಟ್ಟದ ಒಂದು ಅಂಗವಾಗಿಯೇ ಎಣಿಸುತ್ತದೆ. ಪೂರ್ಣತೆಯೊಳಗೂ ಎರಡು ಕವಲು: ನೆಲದ ಮೇಲಿದ್ದು ನಕ್ಷೆಯಲ್ಲಿ ಬಿಟ್ಟುಹೋದದ್ದು, ನೆಲದ ಮೇಲಿಲ್ಲದೆ ನಕ್ಷೆಯಲ್ಲಿ ಸೇರಿಕೊಂಡದ್ದು. ಕಾಗದದ ಮೇಲೆ ಈ ವಿಂಗಡಣೆ ಸರಿಯೇ. ಆದರೂ ಸ್ವಯಂಸೇವಕರ ನಕ್ಷೆಗಳ ವಿಷಯದಲ್ಲಿ ಪೂರ್ಣತೆಯನ್ನು ಉಳಿದವುಗಳ ಸಾಲಿನಲ್ಲಿ ಕೂರಿಸಬಾರದು ಎಂಬುದು ನನ್ನ ಅಭಿಪ್ರಾಯ. ಮದುವೆಗೆ ಕರೆಯಬೇಕಾದವರ ಪಟ್ಟಿಯಲ್ಲಿ ಹೆಸರು, ವಿಳಾಸ ತಪ್ಪಿದ್ದರೆ ಪಟ್ಟಿಯನ್ನೇ ಮತ್ತೊಮ್ಮೆ ಓದಿ ತಿದ್ದಬಹುದು. ಬಿಟ್ಟುಹೋದ ನೆಂಟರು ಯಾರು ಎಂಬುದನ್ನು ಆ ಪಟ್ಟಿ ಎಷ್ಟು ಸಲ ಓದಿದರೂ ಹೇಳುವುದಿಲ್ಲ. ಅದಕ್ಕೆ ಮನೆಯ ಹಿರಿಯರನ್ನೋ ಇನ್ನೊಂದು ಪಟ್ಟಿಯನ್ನೋ ಕೇಳಲೇಬೇಕು.

ಹಾಕ್ಲೆ ಕೇಳಿದ್ದು ಇನ್ನೊಂದು ಪಟ್ಟಿಯನ್ನು. ಆದರೆ ಅವರು ಹೋಲಿಕೆಗೆ ಬಳಸಿದ ಮೆರಿಡಿಯನ್-2 ಎಂಬ ಸರ್ಕಾರಿ ದತ್ತಾಂಶವೂ ಸಣ್ಣಪುಟ್ಟ ವಿವರಗಳನ್ನು ಬಿಟ್ಟು ಸರಳಗೊಳಿಸಿದ್ದೇ. ಹಾಗಾಗಿ ಒಂದು ಚೌಕದಲ್ಲಿ ಹವ್ಯಾಸಿಗಳ ರಸ್ತೆ ಸರ್ಕಾರದ್ದಕ್ಕಿಂತ ಉದ್ದವಾಗಿದ್ದರೆ ಆ ಚೌಕ ಪೂರ್ಣವಾಯಿತೆಂದು ಹೇಳುವಂತಿಲ್ಲ; ಸರ್ಕಾರದ ಈ ಪಟ್ಟಿಗಿಂತ ಮುಂದಿದೆ ಎಂದಷ್ಟೇ ಹೇಳಬಹುದು. ಹಾಕ್ಲೆ ಇದನ್ನು ಬಲ್ಲವರಾಗಿದ್ದರು, ಎಚ್ಚರದಿಂದಲೇ ಬರೆದರು. ಅವರ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 6 ಮೀಟರಿನ ಸಂಖ್ಯೆಯಲ್ಲ. ಖಾಲಿ ಚೌಕಗಳನ್ನು ಬಡತನ, ನಿರುದ್ಯೋಗ, ವಸತಿಯ ಕೊರತೆಗಳನ್ನು ಅಳೆಯುವ ಸರ್ಕಾರಿ ಸೂಚ್ಯಂಕದ ಪಕ್ಕದಲ್ಲಿಟ್ಟು ಅವರು ನೋಡಿದರು. ಉಳ್ಳವರ ಬಡಾವಣೆಗಳು ಹೆಚ್ಚು ತುಂಬಿದ್ದವು, ಬಡವರವು ಕಡಿಮೆ. ಬಡವರ ಕೇರಿಯಲ್ಲಿ ಎಳೆದ ಗೆರೆ ಸೊಟ್ಟಗಿತ್ತು ಎಂದಲ್ಲ, ಗೆರೆಯೇ ಇರಲಿಲ್ಲ. ನಿಖರತೆಯ ಯಾವ ಕೋಷ್ಟಕದಲ್ಲೂ ಈ ಅನ್ಯಾಯ ಕಾಣಿಸುತ್ತಿರಲಿಲ್ಲ.

ಹಾಗಾದರೆ ಖಾಲಿ ಜಾಗವನ್ನು ಒಮ್ಮೆಗೇ ತುಂಬಿಬಿಟ್ಟರೆ? ಅಮೆರಿಕದಲ್ಲಿ ಹಾಗೆಯೇ ಮಾಡಿ ನೋಡಿದ್ದಾರೆ. ಅಲ್ಲಿನ ಜನಗಣತಿ ಇಲಾಖೆಯ ಬಳಿ ಟೈಗರ್ ಎಂಬ ಹೆಸರಿನ ರಸ್ತೆ ದತ್ತಾಂಶವಿದೆ, ಯಾರು ಬೇಕಾದರೂ ಬಳಸಬಹುದು. 2007 ಮತ್ತು 2008ರಲ್ಲಿ ಅದನ್ನು ಇಡಿಯಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸುರಿಯಲಾಯಿತು. ಬಹುಮಟ್ಟಿಗೆ ಖಾಲಿಯಿದ್ದ ದೇಶ ನೋಡುನೋಡುತ್ತಿದ್ದಂತೆ ರಸ್ತೆಗಳಿಂದ ತುಂಬಿತು. ಹತ್ತಿರ ಹೋಗಿ ನೋಡಿದರೆ ಗ್ರಾಮಾಂತರದ ಎಷ್ಟೋ ರಸ್ತೆಗಳು ನಿಜವಾದ ಜಾಗದಿಂದ ದೂರ ಸರಿದಿದ್ದವು, ನೇರ ರಸ್ತೆಗಳು ಅಂಕುಡೊಂಕಾಗಿದ್ದವು, ತೋಟದ ಮನೆಯ ಕಾಲುದಾರಿಯೂ ಬಡಾವಣೆಯ ಬೀದಿಯೂ ಒಂದೇ ವರ್ಗದಲ್ಲಿದ್ದವು. ಇದು ಇಲಾಖೆಯ ಅಸಡ್ಡೆಯಿಂದ ಆದದ್ದಲ್ಲ. ಎಣಿಕೆಗೆ ಹೋದವರು ಯಾವ ರಸ್ತೆಯ ಯಾವ ಬದಿಯಲ್ಲಿ ಯಾವ ಮನೆ ಎಂದು ತಿಳಿಯುವುದಕ್ಕೆ ಮಾಡಿದ ನಕ್ಷೆ ಅದು. ಆ ಕೆಲಸಕ್ಕೆ ರಸ್ತೆಗಳು ಸರಿಯಾದ ಕ್ರಮದಲ್ಲಿ ಕೂಡಿಕೊಂಡಿದ್ದರೆ ಸಾಕು, ಇಪ್ಪತ್ತು ಮೀಟರ್ ಆಚೀಚೆಯಾದರೆ ತೊಂದರೆಯಿಲ್ಲ. ಕಾರಿಗೆ ದಾರಿ ಹೇಳಬೇಕಾದ ನಕ್ಷೆಗೆ ಅದು ಸಾಲದು. ಸುರಿದದ್ದನ್ನು ತಿದ್ದುವ ಕೆಲಸ ವರ್ಷಗಟ್ಟಲೆ ನಡೆಯಿತು, ಇನ್ನೂ ಮುಗಿದಿಲ್ಲ.

ಆದರೂ ಆ ಸುರಿಯುವಿಕೆಯಲ್ಲಿ ಒಂದು ವಿವೇಕದ ಕೆಲಸವಾಗಿತ್ತು. ಹೊರಗಿನಿಂದ ಬಂದ ರಸ್ತೆಗಳಿಗೆ 'ಟೈಗರ್ ರಿವ್ಯೂಡ್: ನೋ' ಎಂಬ ಟ್ಯಾಗ್ ಅಂಟಿಸಿದ್ದರು. ಈ ರಸ್ತೆಯನ್ನು ಇನ್ನೂ ಯಾವ ಮನುಷ್ಯನೂ ಪರಿಶೀಲಿಸಿಲ್ಲ ಎಂದು ದತ್ತಾಂಶವೇ ಹೇಳುತ್ತಿತ್ತು. ಪರಿಶೀಲಿಸಿದವರು ಆ ಟ್ಯಾಗನ್ನು ತೆಗೆಯಬೇಕು. ಎಲ್ಲರೂ ಮರೆಯದೆ ತೆಗೆದರು ಎಂದೇನಲ್ಲ, ಆದರೆ ತುಂಬಿದ್ದು ಎಷ್ಟು, ನೋಡಿದ್ದು ಎಷ್ಟು ಎಂಬ ಎರಡು ಲೆಕ್ಕಗಳನ್ನು ಬೇರೆಯಾಗಿ ಇಡುವ ಪ್ರಯತ್ನ ಅಲ್ಲಿತ್ತು.

ಹೋಲಿಸಲು ಸರ್ಕಾರಿ ನಕ್ಷೆಯೇ ಸಿಗದ ದೇಶಗಳಲ್ಲಿ ಏನು ಮಾಡುವುದು? ಕ್ರಿಸ್ಟಫರ್ ಬ್ಯಾರಿಂಗ್‌ಟನ್-ಲೀ ಮತ್ತು ಆಡಮ್ ಮಿಲಾರ್ಡ್-ಬಾಲ್ 2017ರಲ್ಲಿ ಜಗತ್ತಿನ ರಸ್ತೆಗಳಿಗೆಲ್ಲ ಅನ್ವಯಿಸುವಂಥ ಒಂದು ದಾರಿ ತೋರಿಸಿದರು. ಒಂದು ಪ್ರದೇಶದಲ್ಲಿ ವರ್ಷದಿಂದ ವರ್ಷಕ್ಕೆ ಎಷ್ಟು ರಸ್ತೆ ಸೇರುತ್ತಾ ಬಂತು ಎಂಬುದರ ರೇಖೆ ಎಳೆದರೆ ಮೊದಲು ನಿಧಾನ, ಆಮೇಲೆ ಕಡಿದಾದ ಏರು, ಕೊನೆಗೆ ಚಪ್ಪಟೆ. ಸೇರಿಸಲು ಹೊಸದೇನೂ ಉಳಿಯದಿದ್ದಾಗ ರೇಖೆ ಮಟ್ಟಸವಾಗುತ್ತದೆ. ಅದು ಯಾವ ಎತ್ತರದಲ್ಲಿ ಮಟ್ಟಸವಾಗಬಹುದು ಎಂದು ಅಂದಾಜಿಸಿದರೆ ಒಟ್ಟು ರಸ್ತೆ ಎಷ್ಟಿರಬಹುದೆಂದು ತಿಳಿಯುತ್ತದೆ. ಇದರ ಜೊತೆ ಅಲ್ಲಲ್ಲಿ ಯಾದೃಚ್ಛಿಕವಾಗಿ ಜಾಗಗಳನ್ನು ಆರಿಸಿ ಉಪಗ್ರಹ ಚಿತ್ರದೊಂದಿಗೆ ಕಣ್ಣಾರೆ ಹೋಲಿಸಿ ನೋಡಿದರು. ಅವರಿಗೆ ಸಿಕ್ಕ ಉತ್ತರ: ಜಗತ್ತಿನ ರಸ್ತೆಗಳಲ್ಲಿ ಸುಮಾರು ಶೇ 83 ಆಗಲೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿದ್ದವು. ಜನ ತೀರಾ ದಟ್ಟವಾಗಿರುವ ಕಡೆ, ತೀರಾ ವಿರಳವಾಗಿರುವ ಕಡೆ ನಕ್ಷೆ ಹೆಚ್ಚು ಪೂರ್ಣ; ಇವೆರಡರ ನಡುವಿನ ಜಾಗಗಳಲ್ಲಿ ಕೊರತೆ ಹೆಚ್ಚು. ಶಹರದ ಅಂಚಿನ ಹೊಸ ಲೇಔಟುಗಳನ್ನು, ಹೆದ್ದಾರಿಯಿಂದ ಒಳಗಿರುವ ದೊಡ್ಡ ಹಳ್ಳಿಗಳನ್ನು ನೆನೆದರೆ ನಮಗೂ ಇದು ಹೊಸದೆನಿಸದು.

ಈ ವಿಧಾನ ಜಾಣತನದ್ದು, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಲಾಗದು. ಕೆಲಸ ಮುಗಿದರೂ ರೇಖೆ ಚಪ್ಪಟೆಯಾಗುತ್ತದೆ, ಕೆಲಸ ಮಾಡುವವರು ಬಿಟ್ಟುಹೋದರೂ ಚಪ್ಪಟೆಯಾಗುತ್ತದೆ. ಒಂದು ಪಟ್ಟಣದ ನಕ್ಷೆಯನ್ನು ಇಬ್ಬರೇ ಉತ್ಸಾಹಿಗಳು ಬೆಳೆಸುತ್ತಿದ್ದು, ಅವರು ಕೆಲಸದ ಮೇಲೆ ಬೇರೆ ಊರಿಗೆ ಹೋದರೆ ಆ ಪಟ್ಟಣ ಗಣಿತದ ಕಣ್ಣಿಗೆ ಸಂಪೂರ್ಣವಾಗಿ ಕಾಣಬಹುದು. ಇನ್ನೊಂದು ಮಾತು: ಈ ಶೇ 83 ರಸ್ತೆಗಳದ್ದು ಮಾತ್ರ. ಕಟ್ಟಡಗಳ ಕಥೆ ಬೇರೆ. 2023ರಲ್ಲಿ ಬೆಂಜಮಿನ್ ಹೆರ್ಫೋರ್ಟ್ ಮತ್ತು ಸಂಗಡಿಗರು ಜಗತ್ತಿನ 13,189 ನಗರ ಪ್ರದೇಶಗಳನ್ನು ಪರಿಶೀಲಿಸಿದಾಗ ಕಟ್ಟಡಗಳು ಶೇ 80ಕ್ಕಿಂತ ಹೆಚ್ಚು ಪೂರ್ಣವಾಗಿದ್ದ ನಗರಗಳು 1,848. ಶೇ 20ಕ್ಕಿಂತ ಕಡಿಮೆಯಿದ್ದವು 9,163. ಜಗತ್ತಿನ ನಗರವಾಸಿಗಳಲ್ಲಿ ಹತ್ತಿರಹತ್ತಿರ ಅರ್ಧ ಜನ ಇರುವುದು ಈ 9,163 ನಗರಗಳಲ್ಲಿ. ಆದ್ದರಿಂದ 'ಈ ನಕ್ಷೆ ಎಷ್ಟು ಪೂರ್ಣ' ಎಂದು ಸುಮ್ಮನೆ ಕೇಳಿದರೆ ಪ್ರಶ್ನೆಯೇ ಅಪೂರ್ಣ. ಯಾವುದರಲ್ಲಿ ಪೂರ್ಣ, ಎಲ್ಲಿ ಪೂರ್ಣ ಎಂಬುದೂ ಸೇರಬೇಕು.

ಇಲ್ಲದ್ದನ್ನು ಎಣಿಸುವ ವಿಧಾನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಕ್ಷೆಗಾರರಿಂದ ಬಂದದ್ದಲ್ಲ. ಅದಕ್ಕೆ ಭಾರತದಲ್ಲಿ ಆಳವಾದ ಬೇರುಗಳಿವೆ. ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಪುಸ್ತಕವಿತ್ತು, ಅದರಲ್ಲಿ ಬಿಟ್ಟುಹೋದವು ಬಹಳ ಎಂಬುದು ಎಲ್ಲರಿಗೂ ಗೊತ್ತಿತ್ತು, ಎಷ್ಟು ಬಹಳ ಎಂಬುದು ಗೊತ್ತಿರಲಿಲ್ಲ. ಮನೆಮನೆಗೆ ಹೋಗಿ ವಿಚಾರಿಸಿದ ಇನ್ನೊಂದು ಪಟ್ಟಿ ತಯಾರಾಯಿತು. ಅದರಲ್ಲೂ ಬಿಟ್ಟುಹೋದವು ಇದ್ದೇ ಇರುತ್ತವೆ. ಎರಡೂ ಅಪೂರ್ಣ. ಜನಸಂಖ್ಯಾ ವಿಜ್ಞಾನಿ ಸಿ. ಚಂದ್ರಶೇಖರ್ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎರಡು ಅಪೂರ್ಣ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಎರಡರಲ್ಲೂ ಇಲ್ಲದವನ್ನು ಲೆಕ್ಕಹಾಕುವ ಬಗೆಯನ್ನು ವಿವರಿಸಿದರು. ಪ್ರಾಣಿಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಎಣಿಸುವ ಹಳೆಯ ವಿಧಾನದ ತತ್ವವೂ ಇದೇ. ನಾಗರಹೊಳೆಯ ಕಾಡಿನಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಬಲೆಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತು ಹಿಡಿದು, ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ನಿಂತಿರುವುದೂ ಇದೇ ತರ್ಕದ ಮೇಲೆ.

ನಕ್ಷೆಗೆ ಇದನ್ನು ಹೊಂದಿಸಿ ನೋಡಿ. ಒಂದು ಪೇಟೆಯಲ್ಲಿ ಎಷ್ಟು ಅಂಗಡಿಗಳಿವೆ ಎಂದು ಯಾರಿಗೂ ತಿಳಿಯದು ಎಂದುಕೊಳ್ಳೋಣ. ಒಬ್ಬಾಕೆ ಬೆಳಿಗ್ಗೆ ಓಡಾಡಿ 60 ಅಂಗಡಿಗಳನ್ನು ನಕ್ಷೆಗೆ ಹಾಕುತ್ತಾಳೆ. ಅದನ್ನು ನೋಡದ ಇನ್ನೊಬ್ಬ ಸಂಜೆ ಓಡಾಡಿ 50 ಹಾಕುತ್ತಾನೆ. ಎರಡನ್ನೂ ಜೋಡಿಸಿದರೆ 40 ಅಂಗಡಿಗಳು ಇಬ್ಬರಿಗೂ ಸಿಕ್ಕಿವೆ. ಅಂದರೆ ಅವನು ಕಂಡ 50ರಲ್ಲಿ 40 ಆಕೆಗೂ ಸಿಕ್ಕಿದ್ದವು. ಆಕೆಯ ಕಣ್ಣಿಗೆ ಐದರಲ್ಲಿ ನಾಲ್ಕು ಬೀಳುತ್ತವೆ ಎಂದಾಯಿತು. ಆಕೆ ಹಾಕಿದ 60 ಒಟ್ಟು ಅಂಗಡಿಗಳ ಐದರಲ್ಲಿ ನಾಲ್ಕು ಭಾಗವಾದರೆ ಒಟ್ಟು 75. ಇಬ್ಬರೂ ಸೇರಿ ಕಂಡದ್ದು 70. ಉಳಿದ 5 ಅಂಗಡಿಗಳನ್ನು ಇಬ್ಬರೂ ನೋಡಿಲ್ಲ, ಆದರೂ ಅವು ಇವೆ ಎಂದು ಲೆಕ್ಕ ಹೇಳುತ್ತದೆ. ನಂಬಬಲ್ಲ ಬೇರೆ ನಕ್ಷೆ ಬೇಡ, ಸರ್ಕಾರದ ಪಟ್ಟಿ ಬೇಡ. ಇಬ್ಬರು ಅಪೂರ್ಣ ಮನುಷ್ಯರು ಸಾಕು.

ಆದರೆ ಈ ಲೆಕ್ಕಕ್ಕೆ ಒಂದು ಕರಾರಿದೆ. ಒಬ್ಬರ ಕಣ್ಣಿಗೆ ಬಿದ್ದದ್ದಕ್ಕೂ ಇನ್ನೊಬ್ಬರ ಕಣ್ಣಿಗೆ ಬಿದ್ದದ್ದಕ್ಕೂ ಸಂಬಂಧವಿರಕೂಡದು. ಇಬ್ಬರೂ ಮುಖ್ಯರಸ್ತೆಯಲ್ಲಷ್ಟೇ ನಡೆದು, ಹಿಂದಿನ ಸಂದಿಗಳಿಗೆ ಇಬ್ಬರೂ ಇಳಿಯಲಿಲ್ಲ ಎನ್ನಿ. ಸಂದಿಗಳಲ್ಲಿ ಇನ್ನೂ 75 ಅಂಗಡಿಗಳಿದ್ದರೂ ಉತ್ತರ 75 ಎಂದೇ ಬರುತ್ತದೆ. ನಿಜವಾದ 150ರಲ್ಲಿ ಅರ್ಧವನ್ನು ಲೆಕ್ಕ ನುಂಗಿಹಾಕುತ್ತದೆ. ಸ್ವಯಂಸೇವಕರ ಜಗತ್ತಿನಲ್ಲಿ ಇದೇ ಹೆಚ್ಚು. ಒಂದೇ ಬಗೆಯ ಓದು, ಒಂದೇ ಬಗೆಯ ಫೋನು, ಒಂದೇ ಬಗೆಯ ಅಳುಕು ಇರುವವರು ಒಂದೇ ಬಗೆಯ ಬೀದಿಗಳಿಗೆ ಹೋಗುತ್ತಾರೆ, ಒಂದೇ ಬಗೆಯವನ್ನು ಬಿಡುತ್ತಾರೆ. ಆಗ ಕೊರತೆಯ ಅಂದಾಜು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. ಚಂದ್ರಶೇಖರ್ ಮತ್ತು ಡೆಮಿಂಗ್ ಇದನ್ನು ಕಂಡಿದ್ದರು. ಇಡೀ ಜನರನ್ನು ಒಟ್ಟಿಗೆ ಲೆಕ್ಕ ಹಾಕಬೇಡಿ, ಒಂದೇ ಬಗೆಯವರ ಗುಂಪುಗಳಾಗಿ ಒಡೆದು ಪ್ರತಿ ಗುಂಪಿಗೂ ಬೇರೆಯಾಗಿ ಲೆಕ್ಕ ಹಾಕಿ, ಆಮೇಲೆ ಕೂಡಿಸಿ ಎಂಬುದು ಅವರ ಪರಿಹಾರ. ಮುಖ್ಯರಸ್ತೆಗೆ ಒಂದು ಲೆಕ್ಕ, ಸಂದಿಗಳಿಗೆ ಒಂದು ಲೆಕ್ಕ. ಸಂದಿಗಳಿಗೆ ಯಾರೂ ಹೋಗಿಲ್ಲ ಎಂಬುದು ಆಗಲಾದರೂ ಗೊತ್ತಾಗುತ್ತದೆ.

ಬಿಟ್ಟುಹೋಗುವುದು ಜಾಗವೊಂದೇ ಅಲ್ಲ, ವಸ್ತುಗಳ ಬಗೆಯೂ ಬಿಟ್ಟುಹೋಗುತ್ತದೆ. ಭೂಗೋಳತಜ್ಞೆ ಮೋನಿಕಾ ಸ್ಟೀಫನ್ಸ್ 2013ರ ಲೇಖನದಲ್ಲಿ ಇಂಥದೊಂದನ್ನು ಎತ್ತಿ ತೋರಿಸಿದರು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಾರ್, ನೈಟ್‌ಕ್ಲಬ್‌ಗಳಂಥವಕ್ಕೆ ಬಗೆಬಗೆಯ ಟ್ಯಾಗುಗಳಿದ್ದವು. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಿಗೆ ಪ್ರತ್ಯೇಕ ಟ್ಯಾಗ್ ಬೇಕು ಎಂಬ ಪ್ರಸ್ತಾವ ಮತಕ್ಕೆ ಬಂದಾಗ ತಿರಸ್ಕಾರವಾಯಿತು. ಮತ ಹಾಕಿದವರಲ್ಲಿ ಹೆಚ್ಚಿನವರು ಗಂಡಸರು. ಆ ಟ್ಯಾಗ್ ಈಗ ಬಳಕೆಯಲ್ಲಿದೆ ಎಂಬುದು ಸಮಾಧಾನದ ವಿಷಯ. ನಮ್ಮ ಕಡೆಯ ಅಂಗನವಾಡಿಗೆ, ನ್ಯಾಯಬೆಲೆ ಅಂಗಡಿಗೆ, ಹಳ್ಳಿಯ ಅರಳಿಕಟ್ಟೆಗೆ ಯಾವ ಟ್ಯಾಗ್ ಎಂಬ ಪ್ರಶ್ನೆಯೂ ಇದೇ ಜಾತಿಯದು. ಹೆಸರಿಡದ ವಸ್ತುವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಅದು ಬಿಟ್ಟುಹೋಗಿದೆ ಎಂದು ಯಾವ ತಂತ್ರಾಂಶವೂ ಎಚ್ಚರಿಸುವುದಿಲ್ಲ.

ದೂರದಿಂದ ಮಾಡುವ ನಕ್ಷೆಗೆ ಬೇರೆ ಮಿತಿಗಳಿವೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟೊ ಪ್ರಿನ್ಸ್‌ನ ಒಳ್ಳೆಯ ನಕ್ಷೆ ಮುಕ್ತವಾಗಿ ಎಲ್ಲೂ ಇರಲಿಲ್ಲ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳ ಮೇಲೆ ರಸ್ತೆಗಳನ್ನೂ ನಿರಾಶ್ರಿತರ ಡೇರೆಗಳನ್ನೂ ಎಳೆದು ಕೆಲವೇ ವಾರಗಳಲ್ಲಿ ಬಳಸುವಂಥ ನಕ್ಷೆ ಕೊಟ್ಟರು, ರಕ್ಷಣಾ ತಂಡಗಳು ಅದನ್ನು ತಮ್ಮ ಜಿಪಿಎಸ್‌ಗಳಿಗೆ ತುಂಬಿಕೊಂಡವು. ಅಲ್ಲಿ ಪೂರ್ಣತೆಯೇ ಜೀವ ಉಳಿಸುವ ಗುಣ. ರಸ್ತೆ ಹತ್ತು ಮೀಟರ್ ಸರಿದಿದ್ದರೂ ಆಂಬುಲೆನ್ಸಿನ ಚಾಲಕನಿಗೆ ಕಣ್ಣಿದೆ. 2013ರ ನವೆಂಬರಿನಲ್ಲಿ ಹಯಾನ್ ಚಂಡಮಾರುತ ಫಿಲಿಪ್ಪೀನ್ಸನ್ನು ಹೊಡೆದಾಗ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವ ಮನೆ ಪೂರ್ತಿ ಬಿದ್ದಿದೆ, ಯಾವುದು ಅರ್ಧ ಹಾಳಾಗಿದೆ ಎಂದೂ ಸ್ವಯಂಸೇವಕರು ಮೇಲಿನ ಚಿತ್ರ ನೋಡಿ ಗುರುತು ಹಾಕಿದರು. ಆಮೇಲೆ ನೆಲಕ್ಕೆ ಹೋಗಿ ಪರಿಶೀಲಿಸಿದಾಗ ಆ ಗುರುತುಗಳಲ್ಲಿ ಬಹಳಷ್ಟು ತಪ್ಪಾಗಿದ್ದವು. ಮೇಲಿನಿಂದ ಛಾವಣಿ ಕಾಣುತ್ತದೆ, ಗೋಡೆ ಕಾಣುವುದಿಲ್ಲ. ಮನೆ ಇದೆಯೋ ಇಲ್ಲವೋ ಎಂದು ಹೇಳಲು ಸಾಕಾಗುವ ಚಿತ್ರ, ಮನೆ ಹೇಗಿದೆ ಎಂದು ಹೇಳಲು ಸಾಲದು. ಒಂದೇ ನಕ್ಷೆ ಒಂದು ಪ್ರಶ್ನೆಗೆ ನಂಬಿಕಸ್ತ, ಪಕ್ಕದ ಪ್ರಶ್ನೆಗೆ ಅಪಾಯಕಾರಿ.

ಕಠ್ಮಂಡುವಿನವರು ಬೇರೆ ದಾರಿ ಹಿಡಿದರು. 2012ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ಅಲ್ಲಿನ ವಿದ್ಯಾರ್ಥಿಗಳು, ತರುಣರು ಕಣಿವೆಯ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಮಾತ್ರ ಆರಿಸಿಕೊಂಡು, ಒಂದೊಂದಕ್ಕೂ ಖುದ್ದಾಗಿ ಹೋಗಿ, ಕಟ್ಟಡಕ್ಕೆ ಎಷ್ಟು ಮಹಡಿ, ಗೋಡೆ ಯಾವುದರದ್ದು ಎಂದು ಬರೆದುಕೊಂಡರು. ಭೂಕಂಪ ಬಂದರೆ ಯಾವ ಶಾಲೆ ಕುಸಿಯಬಹುದು ಎಂಬುದು ಅವರ ಪ್ರಶ್ನೆ. ಎಣಿಸಿ ಮುಗಿಸಬಹುದಾದಷ್ಟು ಚಿಕ್ಕ ಜಗತ್ತನ್ನು ಮೊದಲು ಗೊತ್ತುಮಾಡಿಕೊಂಡದ್ದರಿಂದ ಪೂರ್ಣತೆ ಎಂಬುದಕ್ಕೆ ಅಲ್ಲಿ ಖಚಿತ ಅರ್ಥವಿತ್ತು. ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳು ನಕ್ಷೆಗೆ ಬಂದವು. ಆ ಕೆಲಸ ಮಾಡಿದವರು ಸೇರಿ ಕಟ್ಟಿದ ಕಠ್ಮಂಡು ಲಿವಿಂಗ್ ಲ್ಯಾಬ್ಸ್, 2015ರ ಏಪ್ರಿಲ್ 25ರಂದು ನಿಜವಾಗಿಯೇ ಭೂಮಿ ನಡುಗಿದಾಗ ನಕ್ಷೆಯ ಕೆಲಸಕ್ಕೆ ಕೇಂದ್ರವಾಯಿತು.

ಹಕ್ಕಿ ನೋಡುವವರಿಂದ ನಕ್ಷೆ ಮಾಡುವವರು ಕಲಿಯಬೇಕಾದ ಒಂದು ಅಭ್ಯಾಸವಿದೆ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣಕ್ಕೆ ಹಕ್ಕಿಗಳ ಪಟ್ಟಿ ಕೊಡುವಾಗ ಅದು ಕೇಳುತ್ತದೆ: ನೀವು ಗುರುತಿಸಿದ ಹಕ್ಕಿಗಳನ್ನೆಲ್ಲ ಇಲ್ಲಿ ಬರೆದಿದ್ದೀರಾ? ಹೌದು ಎಂದರೆ ಆ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. ಅರ್ಧ ಗಂಟೆ ನೋಡಿದೆ, ಗುಬ್ಬಚ್ಚಿ ಕಾಣಲಿಲ್ಲ ಎಂದು ಅರ್ಥ. ಇಲ್ಲ ಎಂದರೆ ಪಟ್ಟಿಯಲ್ಲಿರುವುದಷ್ಟೇ ಮಾಹಿತಿ, ಇಲ್ಲದ್ದರ ಬಗ್ಗೆ ಏನೂ ಹೇಳಲಾಗದು. ಕೇರಳದ ಹಕ್ಕಿಪ್ರೇಮಿಗಳು 2015ರಿಂದ 2020ರವರೆಗೆ ಇಡೀ ರಾಜ್ಯದ ಹಕ್ಕಿ ಅಟ್ಲಾಸ್ ಮಾಡಿದಾಗ ರಾಜ್ಯವನ್ನು ಮೊದಲೇ ಚೌಕಗಳಾಗಿ ವಿಂಗಡಿಸಿ, ಅವುಗಳಿಂದ ಆರಿಸಿದ ಜಾಗಗಳಿಗೇ ಮಳೆಗಾಲ ಬೇಸಿಗೆ ಎರಡೂ ಋತುಗಳಲ್ಲಿ ಹೋದರು. ಇಷ್ಟಬಂದ ಕೆರೆಗೆ ಹೋಗುವ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು, ಬೇಸರದ ರಬ್ಬರ್ ತೋಟದಲ್ಲೂ ನಿಂತು ಎಣಿಸಿದ್ದರಿಂದಲೇ ಆ ಅಟ್ಲಾಸಿನ ಖಾಲಿ ಚೌಕಗಳಿಗೆ ಬೆಲೆ ಬಂತು.

ರಸ್ತೆ ಕಟ್ಟಡಗಳ ನಕ್ಷೆಯಲ್ಲೂ ಇದರ ಚೂರುಪಾರು ಕಾಣಸಿಗುತ್ತದೆ. ಹೆಸರೇ ಇಲ್ಲದ ರಸ್ತೆಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ 'ನೋನೇಮ್' ಎಂಬ ಟ್ಯಾಗ್ ಇದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಯಾರೂ ಬರೆದಿಲ್ಲ ಎಂದು. ಈ ಟ್ಯಾಗ್ ಇದ್ದರೆ ಯಾರೋ ಹೋಗಿ ನೋಡಿದ್ದಾರೆ, ಹೆಸರಿಲ್ಲ ಎಂದು. ವಿಪತ್ತಿನ ನಕ್ಷೆ ಮಾಡುವ ತಂಡಗಳು ಬಳಸುವ ಟಾಸ್ಕಿಂಗ್ ಮ್ಯಾನೇಜರ್ ಪ್ರದೇಶವನ್ನು ಸಣ್ಣ ಚೌಕಗಳಾಗಿ ಹಂಚುತ್ತದೆ. ಒಬ್ಬರು ಚೌಕವನ್ನು ಮುಗಿಸಿದೆ ಎಂದು ಗುರುತು ಹಾಕಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಒಂದು ಮನೆಯೂ ಇಲ್ಲದ ಕಾಡಿನ ಚೌಕವನ್ನೂ ಹೀಗೆ ಮುಗಿಸಬೇಕಾಗುತ್ತದೆ. ಅಲ್ಲಿ ಎಳೆಯುವುದಕ್ಕೆ ಏನೂ ಇಲ್ಲ, ಆದರೆ ನೋಡಿದ್ದು ದಾಖಲಾಗುತ್ತದೆ. ಬೇಸರದ ವಿಷಯವೆಂದರೆ ಆ ದಾಖಲೆ ಆ ತಂತ್ರಾಂಶದಲ್ಲೇ ಉಳಿಯುತ್ತದೆ, ನಕ್ಷೆಯನ್ನು ತೆರೆದು ನೋಡುವ ಸಾಮಾನ್ಯ ಓದುಗನಿಗೆ ಕಾಣುವುದಿಲ್ಲ. ಅವನ ಕಣ್ಣಿಗೆ ನೋಡಿ ಖಾಲಿ ಬಿಟ್ಟ ಚೌಕವೂ ನೋಡದೆ ಖಾಲಿಯಿರುವ ಚೌಕವೂ ಒಂದೇ.

ಕರ್ನಾಟಕದ ನಕ್ಷೆಗೆ ಈ ಮಾತು ಈಗ ಬಹಳ ಹತ್ತಿರದ್ದು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿನ ಹಳೆಯ ಬಿಗಿಯನ್ನು ಸಡಿಲಿಸಿತು. 2022ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಗ್ರಾಮೀಣ ರಸ್ತೆಗಳ ದತ್ತಾಂಶ ಸಾರ್ವಜನಿಕರಿಗೆ ಸಿಕ್ಕಿತು. ಹೋಲಿಸಿ ನೋಡಲು ಇನ್ನೊಂದು ಪಟ್ಟಿ ಕೊನೆಗೂ ಇದೆ. ತುಂಬುವ ಆಸೆಯೂ ಅದರ ಜೊತೆಗೇ ಬರುತ್ತದೆ. ಊರುಗಳ ಕನ್ನಡ ಹೆಸರನ್ನೇ ತೆಗೆದುಕೊಳ್ಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಊರಿಗೂ ಕನ್ನಡ ಹೆಸರಿಗಾಗಿ ಪ್ರತ್ಯೇಕ ಜಾಗವಿದೆ. ಇಂಗ್ಲಿಷ್ ಅಕ್ಷರಗಳಲ್ಲಿರುವ ಹೆಸರನ್ನು ಯಂತ್ರಕ್ಕೆ ಕೊಟ್ಟು ಕನ್ನಡಕ್ಕೆ ತಿರುಗಿಸಿದರೆ ಒಂದೇ ಮಧ್ಯಾಹ್ನದಲ್ಲಿ ರಾಜ್ಯದ ಎಲ್ಲ ಊರುಗಳನ್ನೂ ತುಂಬಬಹುದು, ಪೂರ್ಣತೆ ಶೇ 100 ಎಂದು ತೋರಿಸಬಹುದು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರ ಳಕಾರಗಳಿಗೆ, ನಕಾರ ಣಕಾರಗಳಿಗೆ, ತಕಾರ ಟಕಾರಗಳಿಗೆ ಬೇರೆ ಗುರುತಿಲ್ಲ. ಹ್ರಸ್ವ ದೀರ್ಘಗಳೂ ಹೋಗಿರುತ್ತವೆ. ಬಾಣಸವಾಡಿ ಬನಸ್ವಾಡಿಯಾಗಿ ಕೂರುತ್ತದೆ. ಖಾಲಿಯಿದ್ದರೆ ಆ ಊರಿನ ಯಾರಾದರೂ ಒಂದು ದಿನ ಬಂದು ಬರೆಯುತ್ತಿದ್ದರು. ತುಂಬಿದ ಜಾಗವನ್ನು ಯಾರೂ ತಿರುಗಿ ನೋಡುವುದಿಲ್ಲ. ಯಂತ್ರ ಬೇಡ ಎಂದು ನಾನು ಹೇಳುವುದಿಲ್ಲ. ಯಂತ್ರ ಬರೆದ ಹೆಸರಿನ ಪಕ್ಕದಲ್ಲಿ ಊರಿನವರು ಇನ್ನೂ ನೋಡಿಲ್ಲ ಎಂಬ ಟ್ಯಾಗ್ ಇರಲಿ, ನೋಡಿದವರು ಅದನ್ನು ತೆಗೆಯಲಿ. ಆಗ ರಾಜ್ಯದ ನಕ್ಷೆಯ ಪಕ್ಕದಲ್ಲಿ ಎರಡು ಸಂಖ್ಯೆಗಳನ್ನು ಅಚ್ಚುಮಾಡಬಹುದು: ಎಷ್ಟು ಊರುಗಳಿಗೆ ಹೆಸರಿದೆ, ಎಷ್ಟು ಊರುಗಳ ಹೆಸರನ್ನು ಆ ಊರಿನವರೇ ಓದಿ ಸರಿ ಎಂದಿದ್ದಾರೆ.